ನಿಮಗಿದು ಗೊತ್ತೇ? ಮನೆಯೊಂದು, ಮುಗಿಯದ ಹೆಣಿಗೆ ಹಲವು

ಕೈಕೆಲಸ ಬಲ್ಲವರ ಮನೆಯಲ್ಲಿ ಒಂದೇ ಒಂದು ಕೆಲಸ ನಡೆಯುತ್ತಿರುವುದು ಅಪರೂಪ. ತೋಳು ಬಾಕಿಯಿರುವ ಸ್ವೆಟರ್ ಒಂದು ಚೀಲದಲ್ಲಿ, ಬಾಗಿಲ ತೋರಣಕ್ಕೆಂದು ಶುರುವಾದ ಕ್ರೋಶಾ ಹೂಗಳು ಇನ್ನೊಂದರಲ್ಲಿ, ಅಂಚಷ್ಟೇ ಮುಗಿದ ಕೌದಿ ಟ್ರಂಕಿನ ಮೇಲೆ. ‘ಹಿಡಿದದ್ದನ್ನು ಮುಗಿಸದೆ ಇನ್ನೊಂದನ್ನು ಯಾಕೆ ಹಿಡಿಯುತ್ತೀ?’ ಎಂಬ ಆಕ್ಷೇಪವೂ ಅಲ್ಲಿ ಮಾಮೂಲು. ಆದರೆ ಈ ಕಸುಬುಗಳ ಒಳಗನ್ನು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಒಂದೊಂದು ಕೆಲಸವೂ ಒಂದೊಂದು ಹೊತ್ತು, ಬೆಳಕು, ಋತು ಬೇಡುತ್ತದೆ. ಪ್ರತಿಯೊಂದರ ಗುರುತು ತಪ್ಪದಂತೆ ಇಟ್ಟುಕೊಂಡರೆ ನಾಲ್ಕಾರು ಕೆಲಸಗಳನ್ನು ಒಟ್ಟಿಗೆ ನಡೆಸುವುದು ಜಾಣತನವೇ ಸರಿ. ಅದಕ್ಕೆ ನೆರವಾಗುವ, ಕೆಲವೊಮ್ಮೆ ಬೆರಗು ಹುಟ್ಟಿಸುವ ಸಂಗತಿಗಳು ಇಲ್ಲಿವೆ.

ಕಡ್ಡಿ, ಕೊಕ್ಕೆ, ಸೂಜಿ

● ನಿಟ್ಟಿಂಗ್‌ನಲ್ಲಿ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೆ ತೆರೆದೇ ಇರುತ್ತವೆ. ಕಡ್ಡಿ ಜಾರಿದರೆ ಅಷ್ಟೂ ಕುಣಿಕೆಗಳಿಗೆ ಅಪಾಯ. ಸಾಮಾನ್ಯ ಕ್ರೋಶಾದಲ್ಲಿ ಒಂದು ಹೊಲಿಗೆ ಮುಗಿದಾಗ ತೆರೆದಿರುವುದು ಒಂದೇ ಕುಣಿಕೆ. ಬಸ್ಸಿನಲ್ಲಿ, ಆಸ್ಪತ್ರೆಯ ಸರದಿಯಲ್ಲಿ ಕೂತಾಗ ಕ್ರೋಶಾ ಹಿತವೆನಿಸುವುದು ಇದಕ್ಕೇ. ಕರೆ ಬಂದರೆ ಆ ಒಂದು ಕುಣಿಕೆಗೆ ಪಿನ್ನು ಚುಚ್ಚಿ ಎದ್ದರಾಯಿತು.

● ಕೈಯಲ್ಲಿ ಹಿಡಿದು ಜಗ್ಗಿದರೆ ಹೆಚ್ಚೇನೂ ಹಿಗ್ಗದ ದಾರವೂ ಹೆಣೆದಾಗ ಚೆನ್ನಾಗಿ ಹಿಗ್ಗುತ್ತದೆ. ಬಟ್ಟೆಯನ್ನು ಎಳೆದಾಗ ಕುಣಿಕೆಗಳು ಆಕಾರ ಬದಲಿಸಿ ಜಾಗ ಬಿಟ್ಟುಕೊಡುತ್ತವೆ, ಬಿಟ್ಟಾಗ ಮರಳುತ್ತವೆ. ಅಮೆರಿಕದ ಜಾರ್ಜಿಯಾ ಟೆಕ್‌ನ ಭೌತವಿಜ್ಞಾನಿ ಎಲಿಸಬೆಟ್ಟಾ ಮತ್ಸುಮೋಟೊ ಅವರು ಹೆಣಿಗೆಯ ಈ ಗುಣವನ್ನೇ ಸಂಶೋಧನೆಯ ವಿಷಯವಾಗಿ ಮಾಡಿಕೊಂಡಿದ್ದಾರೆ.

● ಕೈಯಲ್ಲಿ ಹೆಣೆದ ಸ್ವೆಟರ್ ಅನ್ನು ಸರಿಯಾದ ತುದಿ ಹಿಡಿದು ಎಳೆದರೆ ಮತ್ತೆ ದಾರವಾಗುತ್ತದೆ. ಚಿಕ್ಕದಾದ ಸ್ವೆಟರ್ ಬಿಚ್ಚಿ ತಮ್ಮನಿಗೋ ತಂಗಿಗೋ ಹೊಸದು ಹೆಣೆಯುವ ರೂಢಿಗೆ ಇದೇ ಆಧಾರ. ಕಾರ್ಖಾನೆಯಲ್ಲಿ ಬಟ್ಟೆಯನ್ನು ಕತ್ತರಿಸಿ ಹೊಲಿದ ಸ್ವೆಟರ್ ಆದರೆ ಅಂಚಿನಲ್ಲಿ ದಾರ ತುಂಡಾಗಿರುತ್ತದೆ. ಬಿಚ್ಚಿದರೆ ಸಿಗುವುದು ಗಿಡ್ಡ ಎಳೆಗಳು ಮಾತ್ರ.

● ಅಂಗಡಿಯಲ್ಲಿ ಸಿಗುವ ಹೆಣೆದ ಬಟ್ಟೆಗಳಲ್ಲಿ ಬಹುಪಾಲು ಯಂತ್ರದ್ದು. ನಿಜವಾದ ಕ್ರೋಶಾ ಮಾತ್ರ ಇಂದಿಗೂ ಕೈಯ ಕೆಲಸವೇ. ಕ್ರೋಶಾದಂತೆ ಕಾಣುವ ಯಂತ್ರದ ಲೇಸು ಬೇರೊಂದು ಬಗೆಯ ಹೆಣಿಗೆ. ಜಾತ್ರೆಯಲ್ಲೋ ಮೇಳದಲ್ಲೋ ಕ್ರೋಶಾ ಮೇಜುಹಾಸು ಕಂಡರೆ ಅದರ ಹಿಂದೆ ಯಾರೋ ಒಬ್ಬರ ಬೆರಳುಗಳಿವೆ ಎಂದು ತಿಳಿದು ಬೆಲೆ ಕೊಡಿ.

● ಒಂದೇ ಅಳತೆಯ ಬಟ್ಟೆಗೆ ಅದೇ ದಾರದಲ್ಲಿ ನಿಟ್ಟಿಂಗ್‌ಗಿಂತ ಕ್ರೋಶಾಕ್ಕೆ ಸಾಮಾನ್ಯವಾಗಿ ಹೆಚ್ಚು ದಾರ ಬೇಕು. ಉಳಿದ ಉಂಡೆಯಲ್ಲಿ ಏನು ಮಾಡಬೇಕೆಂದು ತೀರ್ಮಾನಿಸುವಾಗ ಇದು ನೆನಪಿರಲಿ.

● ಕ್ರೋಶಾಕ್ಕೆ ಬಳಸುವ ಹತ್ತಿ ದಾರದ ಹೊಳಪು ಹತ್ತಿಗೆ ಹುಟ್ಟಿನಿಂದ ಬಂದದ್ದಲ್ಲ. ಕಾಸ್ಟಿಕ್ ಸೋಡಾದಲ್ಲಿ ಹತ್ತಿಯನ್ನು ಹದಗೊಳಿಸುವ ವಿಧಾನಕ್ಕೆ ಇಂಗ್ಲೆಂಡಿನ ಜಾನ್ ಮರ್ಸರ್ 1850ರಲ್ಲಿ ಪೇಟೆಂಟ್ ಪಡೆದ. ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಇದೇ ಕ್ರಿಯೆ ನಡೆಸಿದರೆ ಹೊಳಪು ಬರುತ್ತದೆಂದು ಆಮೇಲೆ ಗೊತ್ತಾಯಿತು. ಮರ್ಸರೈಸ್ಡ್ ದಾರ ಎಂದು ಉಂಡೆಯ ಮೇಲೆ ಬರೆದಿರುವುದು ಅವನ ಹೆಸರಿನಿಂದಲೇ.

ನಮ್ಮ ಕೌದಿ

● ಉತ್ತರ ಕರ್ನಾಟಕದ ಕೌದಿಗೆ ಅಂಗಡಿಯಿಂದ ಹೊಸ ಬಟ್ಟೆ ತರುವುದಿಲ್ಲ. ಉಟ್ಟು ಮೆತ್ತಗಾದ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಉದ್ದಕ್ಕೂ ಸಣ್ಣ ಸಣ್ಣ ಹೊಲಿಗೆ ಓಡಿಸುತ್ತಾರೆ. ಹಲವು ಸಲ ಒಗೆದ ಹತ್ತಿಬಟ್ಟೆಯಲ್ಲಿ ಗಂಜಿ ಉಳಿದಿರುವುದಿಲ್ಲ, ಎಳೆಗಳೂ ಸಡಿಲಾಗಿರುತ್ತವೆ. ಎಳೆಗೂಸಿನ ಮೈಗೆ ಇಂಥ ಬಟ್ಟೆ ಹಿತ.

● ಕೌದಿಯ ಮೇಲಿನ ಸಾಲು ಸಾಲು ಹೊಲಿಗೆ ಬರೀ ಅಲಂಕಾರವಲ್ಲ. ಒಳಗಿನ ಪದರಗಳು ಒಗೆದಾಗ ಸರಿದು ಗಂಟಾಗದಂತೆ ಹಿಡಿದಿಡುವುದು ಅದೇ. ಸಾಲುಗಳು ಹತ್ತಿರವಾದಷ್ಟೂ ಕೌದಿ ಬಾಳುತ್ತದೆ.

● ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿಯ ಕ್ರಮವೇ ಬೇರೆ. ತುಂಡುಗಳನ್ನು ಮೊದಲು ಜೋಡಿಸಿ ಆಮೇಲೆ ಪದರಕ್ಕೆ ಹೊಲಿಯುವುದು ಬೇರೆಡೆಯ ರೂಢಿ. ಇವರು ಒಂದು ಸೀರೆ ಹಾಸಿಕೊಂಡು ಮೂಲೆಯಿಂದ ಶುರುಮಾಡಿ, ಅಂಚಿನ ಸುತ್ತ ತುಂಡು ಇಡುತ್ತಾ, ಹೊಲಿಯುತ್ತಾ ನಡುವಿನತ್ತ ಸಾಗುತ್ತಾರೆ. ತುಂಡು ಜೋಡಿಸುವುದೂ ಪದರ ಕೂಡಿಸುವುದೂ ಒಂದೇ ಹೊಲಿಗೆಯಲ್ಲಿ ಆಗಿಬಿಡುತ್ತದೆ. ಹೀಗಾಗಿ ಕೆಲಸವನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ಮಡಚಿಡಬಹುದು. ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಕವಂದಿಯೇ ತೋರಿಸುತ್ತದೆ.

● ಕವಂದಿಯ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಮಾಡಿದ ‘ಫುಲಾ’ ಬರಬೇಕು. ಅದಿಲ್ಲದ ಕವಂದಿಯನ್ನು ಮುಗಿದದ್ದೆಂದು ಒಪ್ಪುವುದಿಲ್ಲ, ಬರಿಮೈಯಲ್ಲಿದೆ ಎಂದೇ ಭಾವಿಸುತ್ತಾರೆ. ಆಫ್ರಿಕಾ ಮೂಲದ ಈ ಸಮುದಾಯಕ್ಕೆ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅವರ ಕವಂದಿಗಳು ಇಂದು ವಿದೇಶದ ಕಲಾಪ್ರದರ್ಶನಗಳಲ್ಲೂ ಕಾಣುತ್ತವೆ.

● ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದು ಹೇಳಿ ಮಾಡಿಸಿದ್ದು, ಮಗುವಿನ ಕುಲಾವಿಗೆ ಒಗ್ಗದು. ಕಂಬಳಿ ನೇಯುವವರು ಎಳೆ ಗಟ್ಟಿಯಾಗಲೆಂದು ಹುಣಸೆಬೀಜದ ಸರಿ ಬಳಿಯುತ್ತಾರೆ.

ಕಾಲದ ಹಿಂದೆ

● ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಸಾವಿರದೈನೂರು ವರ್ಷಕ್ಕೂ ಹಳೆಯ ಉಣ್ಣೆ ಕಾಲುಚೀಲಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಪಟ್ಟಿ ಇರುವ ಚಪ್ಪಲಿಗೆ ಹೊಂದುವಂತೆ ಹೆಬ್ಬೆರಳಿಗೆ ಬೇರೆ ಗೂಡು ಮಾಡಿದ್ದಾರೆ. ನೋಡಲು ನಿಟ್ಟಿಂಗ್‌ನಂತಿದ್ದರೂ ಅವು ಒಂದೇ ಸೂಜಿಯಿಂದ, ದಾರದ ತುಂಡುಗಳನ್ನು ಕುಣಿಕೆಯೊಳಗೆ ಪೂರ್ತಿ ಎಳೆದೆಳೆದು ಮಾಡಿದ, ನಿಟ್ಟಿಂಗ್‌ಗಿಂತ ಹಳೆಯ ವಿಧಾನದವು.

● ಕಾಲುಚೀಲ ಹೆಣೆಯುವ ಯಂತ್ರವನ್ನು ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಮಾಡಿದ. ಕೈಯಲ್ಲಿ ಹೆಣೆದು ಹೊಟ್ಟೆ ಹೊರೆಯುವವರ ಕೆಲಸ ಹೋದೀತೆಂದು ಒಂದನೇ ಎಲಿಜಬೆತ್ ರಾಣಿ ಅವನಿಗೆ ಪೇಟೆಂಟ್ ಕೊಡಲಿಲ್ಲ ಎಂಬುದು ಅಲ್ಲಿ ಪೀಳಿಗೆಗಳಿಂದ ನಡೆದುಬಂದ ಮಾತು.

● ಬಟ್ಟೆಯ ಎರಡು ಪದರದ ನಡುವೆ ಹತ್ತಿ ತುಂಬಿ ಹೊಲಿದ, 14ನೇ ಶತಮಾನದ ಕೊನೆಯ ಭಾಗದ ಒಂದು ಕ್ವಿಲ್ಟ್ ಇಂದಿಗೂ ಉಳಿದಿದೆ. ಸಿಸಿಲಿಯಲ್ಲಿ ತಯಾರಾದ ಅದರ ಮೇಲೆ ಟ್ರಿಸ್ಟನ್ ಎಂಬ ವೀರನ ಕಥೆಯ ದೃಶ್ಯಗಳು ಉಬ್ಬಿ ನಿಂತಿವೆ.

● 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಮಹಾಕ್ಷಾಮ ಬಂದಾಗ ಅನೇಕ ಕುಟುಂಬಗಳನ್ನು ಕಾಪಾಡಿದ್ದು ಕ್ರೋಶಾ ಲೇಸು. ಹೂವು, ಎಲೆ, ಬಳ್ಳಿಗಳನ್ನು ಬಿಡಿಬಿಡಿಯಾಗಿ ಮಾಡಿ, ಕೊನೆಗೆ ಎಲ್ಲವನ್ನೂ ಬಲೆಯಂಥ ಹೆಣಿಗೆಯಿಂದ ಕೂಡಿಸುತ್ತಿದ್ದರು. ಹೀಗೆ ಒಂದೇ ಕೊರಳುಪಟ್ಟಿಯ ಕೆಲಸ ಹಲವು ಕೈಗಳಲ್ಲಿ ಹಂಚಿಹೋಗುತ್ತಿತ್ತು. ಬಿಡಿ ಹೂಗಳ ವಿನ್ಯಾಸ ಇಂದಿಗೂ ಬಿಡುವು ಕಡಿಮೆಯಿರುವವರಿಗೆ ಒಳ್ಳೆಯ ಆಯ್ಕೆ. ಒಂದು ಹೂವು ಮುಗಿದರೆ ಅಷ್ಟು ಕೆಲಸ ಮುಗಿದಂತೆಯೇ.

● ಆಂಧ್ರದ ಗೋದಾವರಿ ಸೀಮೆಯ ನರಸಾಪುರಕ್ಕೆ 19ನೇ ಶತಮಾನದಲ್ಲಿ ಮಿಷನರಿಗಳ ಮೂಲಕ ಬಂದ ಕ್ರೋಶಾ ಲೇಸು ಅಲ್ಲಿ ಮನೆಮನೆಯ ಕಸುಬಾಯಿತು. ಈ ಹೆಂಗಸರ ಕೈಕೆಲಸ ಹಡಗೇರಿ ವಿದೇಶಕ್ಕೆ ಹೋಗುತ್ತಿದ್ದರೂ ಅವರನ್ನು ದುಡಿಯುವವರೆಂದು ಎಣಿಸದೆ ಬರೀ ಗೃಹಿಣಿಯರೆಂದೇ ನೋಡಲಾಗುತ್ತಿತ್ತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಬರೆದ ಪುಸ್ತಕ ಇದನ್ನು ಜಗತ್ತಿನ ಮುಂದಿಟ್ಟಿತು. ‘ಬಿಡುವಿನ ಕೆಲಸ’ ಎಂದು ಕರೆಯುವ ಮುನ್ನ ಒಮ್ಮೆ ಯೋಚಿಸಬೇಕು.

● ಐರ್ಲೆಂಡಿನ ಅರಾನ್ ದ್ವೀಪದ ಸ್ವೆಟರ್‌ಗಳಲ್ಲಿ ಮನೆತನಕ್ಕೊಂದು ವಿನ್ಯಾಸವಿತ್ತು, ಕಡಲಲ್ಲಿ ಮುಳುಗಿದವರನ್ನು ಅದರಿಂದ ಗುರುತಿಸುತ್ತಿದ್ದರು ಎಂಬ ಕಥೆ ಬಹಳ ಪ್ರಸಿದ್ಧ. ಅದಕ್ಕೆ ಆಧಾರವಿಲ್ಲ. ಜೆ. ಎಂ. ಸಿಂಜ್ ಅವರ ‘ರೈಡರ್ಸ್ ಟು ದಿ ಸೀ’ ನಾಟಕದಲ್ಲಿ ತಂಗಿಯೊಬ್ಬಳು ತಾನೇ ಹೆಣೆದ ಕಾಲುಚೀಲದ ಕುಣಿಕೆ ಎಣಿಸಿ ಅಣ್ಣನ ಸಾವನ್ನು ತಿಳಿಯುತ್ತಾಳೆ. 1904ರಲ್ಲಿ ರಂಗಕ್ಕೆ ಬಂದ ಆ ದೃಶ್ಯವೇ ಬೆಳೆದು ದಂತಕಥೆಯಾಯಿತು.

● ಪೆರುವಿನ ಟಿಟಿಕಾಕಾ ಸರೋವರದ ಟಕೀಲೆ ದ್ವೀಪದಲ್ಲಿ ಹೆಣೆಯುವುದು ಗಂಡಸರ ಕೆಲಸ. ಹುಡುಗರು ಎಳವೆಯಲ್ಲೇ ಕಡ್ಡಿ ಹಿಡಿಯುತ್ತಾರೆ, ಕಿವಿ ಮುಚ್ಚುವ ಟೋಪಿಗಳನ್ನು ನಡೆಯುತ್ತಲೇ ಹೆಣೆಯುತ್ತಾರೆ. ಈ ದ್ವೀಪದ ಜವಳಿ ಕಲೆ ಯುನೆಸ್ಕೊದ ಪರಂಪರೆಯ ಪಟ್ಟಿಯಲ್ಲಿದೆ.

ಲೆಕ್ಕ ತಪ್ಪಿದರೆ ಸ್ವೆಟರ್ ತಪ್ಪು

● ಒಬ್ಬರ ಸ್ವೆಟರ್‌ನ ಮುಂಡಕ್ಕೆ ಎಷ್ಟು ಕುಣಿಕೆ ಬೇಕು ಗೊತ್ತೇ? ಎದೆಸುತ್ತಳತೆ 100 ಸೆಂ.ಮೀ., ಪ್ರತಿ 10 ಸೆಂ.ಮೀ.ಗೆ 22 ಕುಣಿಕೆ, 30 ಸಾಲು, ಉದ್ದ 40 ಸೆಂ.ಮೀ. ಎಂದಿಟ್ಟುಕೊಳ್ಳಿ. ಸುತ್ತಿಗೆ 220 ಕುಣಿಕೆ, 120 ಸುತ್ತು. ಗುಣಿಸಿದರೆ 26,400. ತೋಳಿನ ಲೆಕ್ಕ ಇನ್ನೂ ಬಾಕಿ. ಇಷ್ಟು ದೂರ ಒಂದೇ ನಡೆ ನಡೆಯುವಾಗ ನಡುವೆ ಪುಟ್ಟದೊಂದು ಕ್ರೋಶಾ ಹೂವು ಮಾಡಿ ಮುಗಿಸಿದರೆ ಮನಸ್ಸಿಗೆ ಹುರುಪು ಬರುತ್ತದೆ.

● ಮೇಲಿನ ಸ್ವೆಟರ್‌ಗೆ 10 ಸೆಂ.ಮೀ.ಗೆ 22ರ ಬದಲು 20 ಕುಣಿಕೆ ಬಿದ್ದರೆ? 220 ಕುಣಿಕೆಯ ಸುತ್ತು 110 ಸೆಂ.ಮೀ. ಆಗಿಬಿಡುತ್ತದೆ. ಎರಡು ಕುಣಿಕೆಯ ವ್ಯತ್ಯಾಸಕ್ಕೆ ಸ್ವೆಟರ್ ಒಂದು ಸೈಜು ದೊಡ್ಡದು. ಶುರುವಿನಲ್ಲಿ ಅಂಗೈಯಗಲದ ಮಾದರಿ ತುಂಡು ಹೆಣೆದು, ತೊಳೆದು, ಅಳೆಯಬೇಕೆನ್ನುವುದು ಇದಕ್ಕಾಗಿ.

● ಕೈಯ ಬಿಗಿ ದಿನದಿಂದ ದಿನಕ್ಕೆ ಬದಲಾಗುತ್ತದೆ. ಆತಂಕದಲ್ಲಿದ್ದಾಗ ಕುಣಿಕೆ ಬಿಗಿ, ನಿರಾಳವಾಗಿದ್ದಾಗ ಸಡಿಲ. ತಿಂಗಳುಗಟ್ಟಲೆ ಬಿಟ್ಟ ಸ್ವೆಟರ್ ಅನ್ನು ಮತ್ತೆ ಹಿಡಿದರೆ ನಾಲ್ಕು ಸಾಲು ಹೆಣೆದು ಹಳೆಯ ಭಾಗದ ಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಂಡರೆ ಕಡ್ಡಿಯ ಅಳತೆಯನ್ನು ತುಸು ಬದಲಿಸಬಹುದು.

● ಎರಡು ತೋಳು ಒಂದೇ ಉದ್ದಕ್ಕೆ ಬರಬೇಕೇ? ಒಂದೇ ಉದ್ದನೆಯ ಕಡ್ಡಿಯ ಮೇಲೆ ಎರಡು ಉಂಡೆಗಳಿಂದ ಎರಡನ್ನೂ ಒಟ್ಟಿಗೆ ಹೆಣೆಯಿರಿ. ಒಂದು ಸಾಲು ಈ ತೋಳಿಗೆ, ಒಂದು ಸಾಲು ಆ ತೋಳಿಗೆ. ಎರಡೂ ಒಟ್ಟಿಗೇ ಮುಗಿಯುತ್ತವೆ. ಒಂದು ಕಾಲುಚೀಲ ಮುಗಿಸಿ ಎರಡನೆಯದನ್ನು ಶುರುಮಾಡದೇ ಇರುವ ಬೇಸರಕ್ಕೂ ಇದೇ ಮದ್ದು.

● ಟಾಲ್‌ಸ್ಟಾಯ್ ಅವರ ‘ವಾರ್ ಅಂಡ್ ಪೀಸ್’ ಕಾದಂಬರಿಯ ಕೊನೆಯ ಭಾಗದಲ್ಲಿ ಅನ್ನಾ ಮಕಾರೊವ್ನಾ ಎಂಬ ದಾದಿ ಒಂದರೊಳಗೊಂದು ಎರಡು ಕಾಲುಚೀಲಗಳನ್ನು ಒಂದೇ ಸಲ ಹೆಣೆಯುತ್ತಾಳೆ. ಮುಗಿದ ಮೇಲೆ ಮಕ್ಕಳ ಮುಂದೆ ಒಂದರ ಒಳಗಿಂದ ಇನ್ನೊಂದನ್ನು ಹೊರಗೆಳೆಯುತ್ತಾಳೆ. ಇದು ಬರೀ ಕಲ್ಪನೆಯಲ್ಲ. ಎರಡು ದಾರವನ್ನು ಸರದಿಯಂತೆ ಬಳಸಿ ಎರಡು ಪದರ ಹೆಣೆಯುವ ವಿಧಾನದಿಂದ ಹಾಗೆ ಮಾಡಲು ಸಾಧ್ಯ. ಒಂದೇ ಒಂದು ಕುಣಿಕೆಯಲ್ಲಿ ದಾರ ತಪ್ಪಿದರೂ ಎರಡು ಚೀಲ ಅಂಟಿಕೊಳ್ಳುತ್ತವೆ.

● 8 ನಂಬರಿನ ಕಡ್ಡಿ ಎಂದರೆ ಎಷ್ಟು ದಪ್ಪ? ಹಳೆಯ ಬ್ರಿಟಿಷ್ ಕ್ರಮದಲ್ಲಿ 4 ಮಿ.ಮೀ., ಅಮೆರಿಕದ ಕ್ರಮದಲ್ಲಿ 5 ಮಿ.ಮೀ. 10 ನಂಬರ್ ಆದರೆ ಬ್ರಿಟಿಷರದು 3.25 ಮಿ.ಮೀ., ಅಮೆರಿಕದ್ದು 6 ಮಿ.ಮೀ. ಒಂದರಲ್ಲಿ ನಂಬರ್ ಏರಿದಂತೆ ಕಡ್ಡಿ ತೆಳುವಾಗುತ್ತದೆ, ಇನ್ನೊಂದರಲ್ಲಿ ದಪ್ಪವಾಗುತ್ತದೆ. ಅಜ್ಜಿಯ ಡಬ್ಬಿಯ ಕಡ್ಡಿ ಹಿಡಿದು ಹೊಸ ವಿನ್ಯಾಸ ಹೆಣೆಯುವವರು ಮಿಲಿಮೀಟರ್ ಲೆಕ್ಕವನ್ನೇ ನಂಬುವುದು ಕ್ಷೇಮ.

● ಕ್ರೋಶಾದಲ್ಲೂ ಇಂಥದೇ ತೊಡಕಿದೆ. ಅಮೆರಿಕದವರು ‘ಸಿಂಗಲ್ ಕ್ರೋಶೆ’ ಎನ್ನುವುದನ್ನೇ ಬ್ರಿಟನ್ನಿನವರು ‘ಡಬಲ್ ಕ್ರೋಶೆ’ ಎನ್ನುತ್ತಾರೆ. ಅಮೆರಿಕದ ‘ಡಬಲ್’ ಬ್ರಿಟನ್ನಿನಲ್ಲಿ ‘ಟ್ರೆಬಲ್’. ವಿನ್ಯಾಸದ ಹಾಳೆಯಲ್ಲಿ ‘ಸಿಂಗಲ್ ಕ್ರೋಶೆ’ ಕಂಡರೆ ಅದು ಅಮೆರಿಕದ ಲೆಕ್ಕ ಎಂದು ತಿಳಿಯಬಹುದು.

● ಉಲ್ಲನ್ ಉಂಡೆಯ ಸುತ್ತಿನ ಕಾಗದದಲ್ಲಿ ಬಣ್ಣದ ನಂಬರಿನ ಜೊತೆಗೆ ಡೈ ಲಾಟ್ ಎಂಬ ಇನ್ನೊಂದು ನಂಬರ್ ಇರುತ್ತದೆ. ಒಂದೇ ಬಾಣಲೆಯಲ್ಲಿ ಬಣ್ಣ ಕಂಡ ಉಂಡೆಗಳಿಗೆಲ್ಲ ಅದು ಒಂದೇ. ಬೇರೆ ಲಾಟಿನ ಉಂಡೆ ಅಂಗಡಿಯಲ್ಲಿ ತದ್ರೂಪಿಯಂತೆ ಕಂಡರೂ ಹೆಣೆದಾಗ ಗೆರೆ ಎಳೆದಂತೆ ಬಣ್ಣ ಬೇರೆಯಾಗಿ ಕಾಣಬಹುದು. ಬೇರೆ ಲಾಟು ಬಳಸಲೇಬೇಕಾದರೆ ಎರಡು ಸಾಲು ಹಳೆಯ ಉಂಡೆ, ಎರಡು ಸಾಲು ಹೊಸ ಉಂಡೆ ಎಂದು ಬೆರೆಸುತ್ತಾ ಹೋದರೆ ಕಣ್ಣಿಗೆ ತಿಳಿಯದು.

● ಉಳಿದ ದಾರದ ಉದ್ದವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಹೇಳುತ್ತದೆ. 50 ಗ್ರಾಂ ಉಂಡೆಯಲ್ಲಿ 120 ಮೀಟರ್ ಇದೆ ಎಂದು ಕಾಗದದ ಮೇಲಿದ್ದು, ಉಳಿದದ್ದು 20 ಗ್ರಾಂ ತೂಗಿದರೆ ನಿಮ್ಮಲ್ಲಿ 48 ಮೀಟರ್ ಇದೆ.

● ಹೆಣಿಗೆಯ ಕೊನೆಯ ಸಾಲನ್ನು ಮುಚ್ಚಲು ಬಟ್ಟೆಯ ಅಗಲದ ಮೂರರಿಂದ ನಾಲ್ಕು ಪಟ್ಟು ಉದ್ದದ ದಾರ ಬೇಕು. ಅಷ್ಟನ್ನು ಮೊದಲೇ ಅಳೆದು ಗುರುತು ಮಾಡಿಟ್ಟರೆ ಕೊನೆಯಲ್ಲಿ ಪೇಚಾಟವಿಲ್ಲ.

● ಕ್ವಿಲ್ಟ್ ತುಂಡುಗಳನ್ನು ಜೋಡಿಸುವಾಗ ಕಾಲು ಇಂಚು ಅಂಚು ಬಿಡುವುದು ರೂಢಿ. ಅದು ಒಂದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚಾದರೂ ಪ್ರತಿ ಜೋಡಣೆಯಲ್ಲಿ ಎರಡೂ ಕಡೆ ಸೇರಿ ಇಂಚಿನ ಎಂಟನೇ ಒಂದು ಭಾಗ ನಷ್ಟ. ಎಂಟು ಜೋಡಣೆ ಮುಗಿಯುವಷ್ಟರಲ್ಲಿ ಇಡೀ ಒಂದು ಇಂಚು ಮಾಯ!

● 60 ಇಂಚು ಅಗಲ, 80 ಇಂಚು ಉದ್ದದ ಹೊದಿಕೆಗೆ 5 ಇಂಚಿನ ಚೌಕಗಳು 192 ಬೇಕು. ಅಂಚು ಸೇರಿಸಿ ಪ್ರತಿಯೊಂದನ್ನೂ ಐದೂವರೆ ಇಂಚಿಗೆ ಕತ್ತರಿಸಬೇಕು. ಒಂದು ದಿನ ಕತ್ತರಿಸುವುದು, ಇನ್ನೊಂದು ದಿನ ಜೋಡಿಸುವುದು, ಮತ್ತೊಂದು ವಾರ ಪದರ ಹಾಸುವುದು ಎಂದು ಹಂಚಿಕೊಂಡರೆ ಭಾರವೆನಿಸದು. ನಡುವೆ ನಿಲ್ಲಿಸಿದರೆ ಹಾಳಾಗದ ಕೆಲಸವಿದು.

ಹಲವನ್ನು ಹದವಾಗಿ ನಡೆಸಲು

● ಕಪ್ಪು, ಕಡುನೀಲಿ ದಾರದ ಕುಣಿಕೆಗಳು ರಾತ್ರಿಯ ದೀಪದಲ್ಲಿ ಸರಿಯಾಗಿ ಕಾಣುವುದಿಲ್ಲ. ಅವನ್ನು ಹಗಲಿಗೆ ಇಟ್ಟುಕೊಂಡು ರಾತ್ರಿಗೆ ತಿಳಿಬಣ್ಣದ್ದನ್ನು ಹಿಡಿಯುವುದು ಲೇಸು. ಹಾಗೆಯೇ ಎಣಿಕೆ ಬೇಡುವ ಜಾಲರಿ ವಿನ್ಯಾಸ ಒಬ್ಬರೇ ಇರುವ ಹೊತ್ತಿಗೆ, ಎಣಿಕೆಯಿಲ್ಲದ ನೇರ ಹೆಣಿಗೆ ಮಾತುಕತೆಯ ಹೊತ್ತಿಗೆ, ಅಂಗೈಯಗಲದ ಕ್ರೋಶಾ ಪ್ರಯಾಣಕ್ಕೆ. ಇಂಥ ಮೂರು ಕೆಲಸ ಕೈಯಲ್ಲಿದ್ದರೆ ಒಂದು ಇನ್ನೊಂದರ ಹೊತ್ತನ್ನು ಕದಿಯುವುದಿಲ್ಲ.

● ಬೇಸಿಗೆಯ ಬೆವರುಗೈಗೆ ಉಣ್ಣೆ ದಾರ ಅಂಟುತ್ತದೆ, ತೊಡೆಯ ಮೇಲಿನ ಕೌದಿ ಸೆಕೆ ತರುತ್ತದೆ. ಏಪ್ರಿಲ್, ಮೇ ತಿಂಗಳು ಹತ್ತಿದಾರದ ಕ್ರೋಶಾಕ್ಕೆ ತಕ್ಕ ಕಾಲ. ಕೌದಿ ಹಿಡಿದು ಕೂರಲು ಚಳಿಗಾಲವೇ ಚೆನ್ನ, ಹೊಲಿಯುತ್ತಲೇ ಕಾಲು ಬೆಚ್ಚಗಿರುತ್ತದೆ.

● ಸಂಕೀರ್ಣ ವಿನ್ಯಾಸ ಹೆಣೆಯುವವರು ಹತ್ತಿಪ್ಪತ್ತು ಸಾಲಿಗೊಮ್ಮೆ ಸೂಜಿಯಿಂದ ಬೇರೆ ಬಣ್ಣದ ನುಣುಪು ದಾರವೊಂದನ್ನು ಇಡೀ ಸಾಲಿನ ಕುಣಿಕೆಗಳೊಳಗೆ ಹಾಯಿಸಿಡುತ್ತಾರೆ. ಮುಂದೆ ತಪ್ಪಾಗಿ ಬಿಚ್ಚಬೇಕಾಗಿ ಬಂದರೆ ಬಿಚ್ಚಿಕೆ ಆ ದಾರದಲ್ಲಿಗೇ ನಿಲ್ಲುತ್ತದೆ. ಬಹುಕಾಲ ಬಿಟ್ಟು ಹೋಗುವ ಕೆಲಸಕ್ಕೆ ಇದು ಒಳ್ಳೆಯ ಕಾವಲು.

● ತಿಂಗಳುಗಟ್ಟಲೆ ಮುಟ್ಟದ ಹೆಣಿಗೆಯನ್ನು ಕಡ್ಡಿಯ ಮೇಲೇ ಬಿಡಬೇಡಿ. ಆ ಸಾಲು ಹಿಗ್ಗಿ ಗುರುತು ಬೀಳುತ್ತದೆ, ಮಳೆಗಾಲದ ತೇವಕ್ಕೆ ಉಕ್ಕಿನ ಕಡ್ಡಿ ತುಕ್ಕು ಹಿಡಿದು ದಾರಕ್ಕೆ ಕಲೆ ಹತ್ತುತ್ತದೆ. ಕುಣಿಕೆಗಳನ್ನು ಒಂದು ದಾರಕ್ಕೆ ಇಳಿಸಿಟ್ಟರೆ ಕಡ್ಡಿಯೂ ಬೇರೆ ಕೆಲಸಕ್ಕೆ ಬಿಡುವಾಗುತ್ತದೆ.

● ಪ್ರತಿ ಚೀಲದೊಳಗೂ ಒಂದು ಚೀಟಿ ಇರಲಿ. ಯಾರಿಗೆ, ಯಾವ ಅಳತೆಗೆ, ಕಡ್ಡಿ ಎಷ್ಟು ಮಿ.ಮೀ., ದಾರದ ಬಣ್ಣ ಮತ್ತು ಲಾಟ್ ನಂಬರ್, ನಿಂತ ಸಾಲು, ಮುಂದೆ ಮಾಡಬೇಕಾದದ್ದು ಏನು ಎಂಬಿಷ್ಟನ್ನು ಬರೆದಿಡಿ. ಹೆಣೆಯುವಾಗ ‘ಇದು ಮರೆಯುವುದುಂಟೇ’ ಎನಿಸುವ ಸಂಗತಿಗಳೇ ಮೂರು ತಿಂಗಳಲ್ಲಿ ಮೊದಲು ಮರೆತುಹೋಗುತ್ತವೆ. ಇಡೀ ಕಸುಬಿನಲ್ಲಿ ಇದಕ್ಕಿಂತ ಅಗ್ಗದ ಸಲಕರಣೆ ಬೇರಿಲ್ಲ.

● ಅರ್ಧಕ್ಕೆ ನಿಂತ ಕೆಲಸ ಮನಸ್ಸನ್ನು ಕರೆಯುತ್ತದೆಯೇ? ಬರ್ಲಿನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಬ್ಲೂಮಾ ಜೈಗಾರ್ನಿಕ್ 1927ರಲ್ಲಿ, ಮುಗಿದದ್ದಕ್ಕಿಂತ ಮುಗಿಯದ ಕೆಲಸವೇ ಹೆಚ್ಚು ನೆನಪಿರುತ್ತದೆ ಎಂದರು. ಆಮೇಲಿನ ಪ್ರಯೋಗಗಳಲ್ಲಿ ಈ ಫಲಿತಾಂಶ ಎಲ್ಲ ಸಲವೂ ಸಿಕ್ಕಿಲ್ಲ. ಅವರ ಸಹಪಾಠಿ ಮರಿಯಾ ಒವ್ಸಿಯಾಂಕಿನಾ ಕಂಡುಕೊಂಡದ್ದು ಇನ್ನೊಂದು ಸಂಗತಿ: ಯಾರೂ ಹೇಳದಿದ್ದರೂ ಜನ ಬಿಟ್ಟ ಕೆಲಸಕ್ಕೆ ತಾವಾಗಿಯೇ ಮರಳುತ್ತಾರೆ. ಕಣ್ಣಿಗೆ ಬೀಳುವ ಕಡೆ ಬುಟ್ಟಿ ಇಡುವುದಕ್ಕೆ ಇದು ಸಾಕಷ್ಟು ಕಾರಣ.

● 2013ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ 31 ದೇಶಗಳ 3,545 ಮಂದಿ ಹೆಣೆಯುವವರು ಉತ್ತರಿಸಿದರು. ಹೆಚ್ಚು ಸಲ ಹೆಣೆಯುವವರಲ್ಲಿ ಮನಸ್ಸು ಶಾಂತವಾಗಿದೆ, ಸಂತೋಷವಾಗಿದೆ ಎಂದವರು ಹೆಚ್ಚು. ಆದರೆ ಬೆರಳು, ಮಣಿಕಟ್ಟು, ಕತ್ತಿಗೆ ವಿಶ್ರಾಂತಿ ಬೇಕೇ ಬೇಕು. ಒಂದೇ ಚಲನೆಯನ್ನು ಗಂಟೆಗಟ್ಟಲೆ ಮಾಡುವುದೇ ನೋವಿಗೆ ಮೂಲ. ಕಡ್ಡಿಯಿಂದ ಸೂಜಿಗೆ, ಸೂಜಿಯಿಂದ ಕೊಕ್ಕೆಗೆ ಬದಲಾಯಿಸಿದರೆ ಕೈಯ ಚಲನೆಯೂ ಬದಲಾಗುತ್ತದೆ.

ನುಸಿ, ತೇವ, ಬಣ್ಣ

● ಉಣ್ಣೆಯನ್ನು ತಿನ್ನುವುದು ಹಾರಾಡುವ ನುಸಿಯಲ್ಲ, ಅದರ ಮರಿಹುಳು. ಉಣ್ಣೆಯಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ಅದರ ಆಹಾರ. ಬೆವರು, ಎಣ್ಣೆಯ ಜಿಡ್ಡು ಅಂಟಿದ ಕಡೆಗೆ ಮೊದಲು ಬಾಯಿ ಹಾಕುತ್ತದೆ. ತೊಳೆದು ಒಣಗಿಸಿಯೇ ಎತ್ತಿಡಿ.

● ಗಂಜಿ ಹಾಕಿದ ಹತ್ತಿಬಟ್ಟೆಗೆ ಶತ್ರು ಬೇರೆ. ಹಳೆಯ ಪುಸ್ತಕಗಳಲ್ಲಿ ಕಾಣುವ ಬೆಳ್ಳಿಬಣ್ಣದ ಸಿಲ್ವರ್‌ಫಿಶ್ ಹುಳುವಿಗೆ ಗಂಜಿ ಪ್ರಿಯ. ಕೌದಿಗೆಂದು ಕೂಡಿಟ್ಟ ಸೀರೆಗಳನ್ನು ಗಂಜಿ ಹೋಗುವಂತೆ ಒಗೆದಿಡಬೇಕು.

● ಉಣ್ಣೆಗೆ ನುಸಿ ಬಿದ್ದಿದೆಯೆಂಬ ಅನುಮಾನವಿದ್ದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಸುಮಾರು ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಚೀಲ ಕೋಣೆಯ ಬಿಸಿಗೆ ಬರುವವರೆಗೂ ಬಿಚ್ಚಬಾರದು, ಇಲ್ಲವಾದರೆ ಉಣ್ಣೆಯ ಮೇಲೆ ನೀರು ಕೂರುತ್ತದೆ.

● ಮಗುವಿನ ಸ್ವೆಟರ್, ಕುಲಾವಿಗಳ ನಡುವೆ ನ್ಯಾಫ್ತಲಿನ್ ನುಸಿಗುಳಿಗೆ ಇಡಲೇಬಾರದು. ಜಿ6ಪಿಡಿ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದರ ಆವಿ ಕೆಂಪು ರಕ್ತಕಣಗಳನ್ನೇ ಒಡೆಯಬಲ್ಲದು.

● ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿದರೂ ಕೈಗೆ ಒದ್ದೆ ಎನಿಸುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಒಣಗಿದೆಯೆಂದು ನಂಬಿ ಪೆಟ್ಟಿಗೆಗೆ ಹಾಕಿದ ಸ್ವೆಟರ್‌ಗೆ ಮುಗ್ಗಲು ವಾಸನೆ ಬರುವುದು ಹೀಗೆ.

● ಕಡುಗೆಂಪು, ಕಡುನೀಲಿ ಬಟ್ಟೆಯನ್ನು ಬಿಳಿಯ ಪಕ್ಕ ಹೊಲಿಯುವ ಮೊದಲೇ ಬೇರೆಯಾಗಿ ನೆನೆಸಿ, ಬಿಳಿ ಚಿಂದಿಯೊಂದನ್ನು ಜೊತೆಗಿಟ್ಟು ನೋಡಿ. ಚಿಂದಿಗೆ ಬಣ್ಣ ಹತ್ತಿದರೆ ಇನ್ನೊಮ್ಮೆ ಒಗೆಯಬೇಕು.

ಮನೆಯಿಂದ ಬಾಹ್ಯಾಕಾಶದವರೆಗೆ

● ಎಲ್ಲ ಕಡೆಗೂ ಅಲೆಯಲೆಯಾಗಿ ಬಾಗುವ ಹೈಪರ್ಬೋಲಿಕ್ ಮೇಲ್ಮೈಯನ್ನು ಕಾಗದದಲ್ಲಿ ಮಾಡಿದರೆ ಬೇಗ ಹರಿಯುತ್ತಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಅದನ್ನು ಕ್ರೋಶಾದಲ್ಲಿ ಮಾಡಿ ತೋರಿಸಿದರು. ಇಂತಿಷ್ಟು ಹೊಲಿಗೆಗೆ ಒಂದು ಹೆಚ್ಚಿಗೆ ಹಾಕುತ್ತಾ ಹೋಗುವುದಷ್ಟೇ ಸೂತ್ರ. ಹವಳದ ದಿಬ್ಬಗಳಲ್ಲೂ ಇಂಥದೇ ಮಡಿಕೆಗಳಿವೆ.

● ನಾಸಾದ ಗಗನಯಾತ್ರಿ ಕರೆನ್ ನೈಬರ್ಗ್ 2013ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೇ ಕ್ವಿಲ್ಟಿನ ಒಂದು ನಕ್ಷತ್ರದ ಚೌಕ ಹೊಲಿದರು. ತೂಕವಿಲ್ಲದ ಅಲ್ಲಿ ಬಟ್ಟೆ ಹಾಸಿದ ಕಡೆ ನಿಲ್ಲದು. ಅವರ ಕರೆಗೆ ಓಗೊಟ್ಟು ಭೂಮಿಯಿಂದ 2,000ಕ್ಕೂ ಹೆಚ್ಚು ನಕ್ಷತ್ರ ಚೌಕಗಳು ಬಂದವು.

● ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಬ್ರಿಟನ್ನಿನ ಡೈವಿಂಗ್ ಪಟು ಟಾಮ್ ಡೇಲಿ ಪ್ರೇಕ್ಷಕರ ಸಾಲಿನಲ್ಲಿ ಕೂತು ಹೆಣೆಯುತ್ತಿದ್ದರು. ಪದಕಕ್ಕೆ ಗೀರು ಬೀಳದಿರಲೆಂದು ಅದಕ್ಕೂ ಒಂದು ಚೀಲ ಮಾಡಿದರು.

● ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಸವೆದ ಕೆಲಸದ ಬಟ್ಟೆಗಳಿಂದ ಹೊಲಿದ ಹೊದಿಕೆಗಳನ್ನು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ 2002ರಲ್ಲಿ ಪ್ರದರ್ಶಿಸಿತು. 2006ರಲ್ಲಿ ಅವು ಅಲ್ಲಿನ ಅಂಚೆಚೀಟಿಗಳ ಮೇಲೆ ಬಂದವು.

● 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ ನಗರದಲ್ಲಿ ಏಡ್ಸ್‌ನಿಂದ ತೀರಿಕೊಂಡವರ ನೆನಪಿನ ಕ್ವಿಲ್ಟ್ ಅನ್ನು ಮೊದಲ ಬಾರಿ ಹಾಸಿದಾಗ ಅದರಲ್ಲಿ 1,920 ತುಂಡುಗಳಿದ್ದವು. ಮೂರಡಿ ಅಗಲ, ಆರಡಿ ಉದ್ದದ ಪ್ರತಿಯೊಂದೂ ಒಂದು ಸಮಾಧಿಯ ಅಳತೆಯದು. ಅದು ಬೆಳೆಯುತ್ತಲೇ ಇದ್ದು, ಈಗ ಸುಮಾರು 50,000 ತುಂಡುಗಳಾಗಿವೆ.

● ಹೆಣೆಯುತ್ತಿದ್ದವರು ತೀರಿಕೊಂಡರೆ ಅವರ ಅರ್ಧ ಸ್ವೆಟರ್ ಏನಾಗಬೇಕು? ಅಮೆರಿಕದ ಇಬ್ಬರು ಗೆಳತಿಯರು 2022ರಲ್ಲಿ ‘ಲೂಸ್ ಎಂಡ್ಸ್’ ಎಂಬ ಯೋಜನೆ ಆರಂಭಿಸಿದರು. ಉಳಿದುಹೋದ ನಿಟ್ಟಿಂಗ್, ಕ್ರೋಶಾ, ಕ್ವಿಲ್ಟ್‌ಗಳನ್ನು ಸ್ವಯಂಸೇವಕರು ಕೂಲಿ ಪಡೆಯದೆ ಮುಗಿಸಿ ಮನೆಯವರಿಗೆ ಮರಳಿಸುತ್ತಾರೆ. ಅಪರಿಚಿತರ ಹೆಣಿಗೆಯನ್ನು ಮುಂದುವರಿಸುವವರಿಗೆ ಮೊದಲು ಬೇಕಾಗುವುದು ವಿನ್ಯಾಸದ ಹಾಳೆ, ಕಡ್ಡಿಯ ಅಳತೆ, ದಾರದ ವಿವರ. ಇದೇ ಕೆಲಸವನ್ನು ನಾವು ನಮ್ಮ ಮನೆಗಳಲ್ಲೂ ಮಾಡಬಹುದು. ಅತ್ತೆಯೋ ಅಜ್ಜಿಯೋ ಬಿಟ್ಟುಹೋದ ಕೌದಿಯನ್ನು ಕೈಗೆತ್ತಿಕೊಂಡು ಮುಗಿಸಬಹುದು. ನಮ್ಮ ಚೀಲಗಳಲ್ಲಿರುವ ಕೆಲಸಗಳು ಎಷ್ಟೇ ಇರಲಿ, ಅವಕ್ಕೆಲ್ಲ ವಿವರದ ಚೀಟಿ ಬರೆದಿಡೋಣ. ಅದು ನಾಳಿನ ನಮಗೂ ಬೇಕು, ನಮ್ಮ ನಂತರ ಆ ಕಡ್ಡಿ ಹಿಡಿಯುವವರಿಗೂ ಬೇಕು.